ಕಹಿ ಕಾಯಿಯ ಹಿಕರಿ ಮರ

ಅಮೆರಿಕದಿಂದ ಬರುವ ಮಕ್ಕಳು ಪೀಕ್ಯಾನ್ ಬೀಜದ ಪೊಟ್ಟಣ ತಂದುಕೊಡುತ್ತಾರಲ್ಲವೇ? ಅದರ ಹತ್ತಿರದ ದಾಯಾದಿಯೊಬ್ಬನ ಕುರಿತು ಇಂದು ನಾಲ್ಕು ಮಾತು. ಹೆಸರು ವಾಟರ್ ಹಿಕರಿ. ಸಸ್ಯಶಾಸ್ತ್ರಜ್ಞರಿಗೆ ಕೇರಿಯಾ ಅಕ್ವಾಟಿಕಾ. ಅಕ್ರೋಟಿನ ಕುಟುಂಬಕ್ಕೇ ಸೇರಿದ್ದು.

ಲೂಸಿಯಾನಾದಲ್ಲಿರುವ ಮಗಳು ಅಕ್ಟೋಬರಿನ ಒಂದು ಭಾನುವಾರ ನನ್ನನ್ನು ಜೌಗುಕಾಡಿಗೆ ಕರೆದೊಯ್ದಿದ್ದಳು. ನೆರೆ ಇಳಿದಿತ್ತು, ಕಾಂಡಗಳ ಮೇಲೆ ನೀರು ನಿಂತಿದ್ದ ಗುರುತು ಎದೆಮಟ್ಟಕ್ಕಿತ್ತು. ಬಿದ್ದಿದ್ದ ಚಪ್ಪಟೆ ಕಾಯೊಂದನ್ನು ಒಡೆದು ಬಾಯಿಗಿಟ್ಟೆ. ಬೇವು ಎಷ್ಟೋ ವಾಸಿ! ಅಲ್ಲಿಯವರು ಇದನ್ನು ಕಹಿ ಪೀಕ್ಯಾನ್ ಎಂದೇ ಕರೆಯುತ್ತಾರಂತೆ. ಬಾತುಕೋಳಿ, ಅಳಿಲುಗಳಿಗೆ ಈ ಕಹಿಯ ತಕರಾರಿಲ್ಲ. ಉಳಿದ ಕಾಯಿಗಳನ್ನು ನೆರೆನೀರು ತೇಲಿಸಿಕೊಂಡು ಹೋಗಿ ದೂರದಲ್ಲಿ ಬಿತ್ತುತ್ತದೆ.

ವರ್ಜೀನಿಯಾದಿಂದ ಫ್ಲಾರಿಡಾ, ಟೆಕ್ಸಾಸ್‌ವರೆಗಿನ ತಗ್ಗುನೆಲ ಇದರ ತವರು. ಚಳಿಗಾಲದಿಂದ ವಸಂತದವರೆಗೆ ಬುಡ ನೀರಿನಲ್ಲಿದ್ದರೂ ಅದು ಸಾಯದು. ಇದರ ಜಾಣತನ ಚಿಗುರುವ ಕಾಲದಲ್ಲಿದೆ: ನೆರೆಯ ಮರಗಳೆಲ್ಲ ಹಸುರಾದ ಮೇಲೂ ಇದು ತಡೆದು ನಿಲ್ಲುತ್ತದೆ, ವಸಂತದ ಕೊನೆಯ ನೆರೆ ಎಳೆಯ ಎಲೆಗಳನ್ನು ಮುಳುಗಿಸುವ ಅಪಾಯವನ್ನು ಹೀಗೆ ತಪ್ಪಿಸಿಕೊಳ್ಳುತ್ತದೆ. ತರಗತಿಯಲ್ಲಿ ತಡವಾಗಿ ಕೈಯೆತ್ತುತ್ತಿದ್ದ ಕೆಲವರು ನೆನಪಾದರು. ಯಾರೆಂದು ಹೇಳಲಾರೆ, ಓದುತ್ತಿರುವಿರಿ!

ಇದರ ಬಂಧುಗಳ ಮರ ಕೊಡಲಿಯ ಕಾವಿಗೆ ಪ್ರಸಿದ್ಧ. ಇದರದ್ದು ಪೆಡಸು, ಬೇಲಿಗೂಟಕ್ಕೆ, ಸೌದೆಗೆ ಸಾಕು. ಹೀಗಾಗಿ ಮರಕಡಿಯುವವರು ಬೆಲೆಬಾಳುವ ಜಾತಿಗಳನ್ನು ಒಯ್ದು ಇದನ್ನು ಬಿಟ್ಟುಹೋದರು. ಬದುಕಿಕೊಂಡಿತು ಎನ್ನುವ ಹಾಗಿಲ್ಲ. 1960 ಮತ್ತು 70ರ ದಶಕಗಳಲ್ಲಿ ಮಿಸಿಸಿಪ್ಪಿ ಕಣಿವೆಯ ಜೌಗುಕಾಡುಗಳನ್ನು ಸೋಯಾಬೀನ್ ಬೆಳೆಗಾಗಿ ವಿಪುಲವಾಗಿ ಸವರಿದರು. ಅಲ್ಲಿ ಒಳ್ಳೆಯ ಮರ, ಕೆಟ್ಟ ಮರ ಎಂಬ ಭೇದವಿರಲಿಲ್ಲ. ಇಂತಹ ಕಾಡು ನೆರೆಯ ವೇಗವನ್ನು ತಗ್ಗಿಸಿ, ಹೂಳನ್ನು ತನ್ನಲ್ಲೇ ಇಳಿಸಿಕೊಂಡು, ತಿಳಿನೀರನ್ನು ಮುಂದಕ್ಕೆ ಬಿಡುತ್ತದೆ. ಆ ಲೆಕ್ಕ ಮರದ ದಿಮ್ಮಿಯ ಬೆಲೆಯಲ್ಲಿ ಬರುವುದಿಲ್ಲ.

ಮಗಳಿಗೆ ನಮ್ಮ ಸಿದ್ದಾಪುರದ ಕಡೆಯ ರಾಂಪತ್ರೆ ಜಡ್ಡಿಗಳ ಕಥೆ ಹೇಳಿದೆ. ಕೆಸರಿನಿಂದ ಮೊಣಕಾಲಿನಂತೆ ಮೇಲೆದ್ದ ಬೇರುಗಳ ನಡುವೆ ಹುಡುಗರಾಗಿ ನಾವು ಆಡಿದ್ದೆವು. ನಮ್ಮ ಮನೆಯ ಕೆಳಗಿದ್ದ ಜಡ್ಡಿಯನ್ನು ತಂದೆಯವರು ಅಡಿಕೆ ತೋಟ ಮಾಡಿದರು. ಅವರನ್ನು ದೂರಲು ನನಗೆ ಬಾಯಿಲ್ಲ. ಆ ತೋಟದ ಹುಟ್ಟುವಳಿಯಿಂದಲೇ ನನ್ನ ಬಿ.ಎಡ್. ಆಯಿತು, ತಂಗಿಯರ ಮದುವೆಗಳಾದವು. ಅಂದು ಬೇಸಿಗೆಯಲ್ಲೂ ಬತ್ತದಿದ್ದ ಹಳ್ಳದಲ್ಲಿ ಈಗ ಶಿವರಾತ್ರಿಯ ಹೊತ್ತಿಗೆ ಬರೀ ಕಲ್ಲು. ತಮ್ಮ ಕಳೆದ ವರ್ಷ ಎರಡನೆಯ ಕೊಳವೆಬಾವಿ ಕೊರೆಸಿದ.