ನಾಲ್ಕು ಗಂಟೆಯ ಪೂಜೆ

ಮಳೆಗಾಲದ ರಾತ್ರಿ ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೀಜ ಸುಟ್ಟು, ಬೂದಿ ಊದಿ, ಯಾರಾದರೂ ನನ್ನ ಅಂಗೈಗೆ ಹಾಕಿದರೆ ಸಾಕು, ಬುಕೋಬಾದ ಅಜ್ಜಿ ನೆನಪಾಗುತ್ತಾಳೆ. ಅವಳು ಕೊಟ್ಟದ್ದು ಕಾಫಿ ಬೀಜ. ನಿನ್ನೆ ಕರೆಂಟು ಹೋದಾಗ ತಮ್ಮನ ಮಗಳು ಒಲೆಯ ಮುಂದೆ ಕೂತು ಕೇಳಿದಳು: "ದೊಡ್ಡಪ್ಪ, ಆಫ್ರಿಕಾದಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು?" ಅವಳಿಗೆ ಹೇಳಿದ್ದು ಇದು.

1993ರಲ್ಲಿ ನನ್ನನ್ನು ತಾಂಜಾನಿಯಾಕ್ಕೆ ಕಳಿಸಿದರು. ಗುರುದೀಕ್ಷೆಯಾಗಿ ಎರಡೇ ವರ್ಷ. ಮೊದಲು ವಿಕ್ಟೋರಿಯಾ ಸರೋವರದ ದಂಡೆಯ ಮುಸೋಮಾದಲ್ಲಿ, ಮಕೋಕೋ ಭಾಷಾಶಾಲೆಯಲ್ಲಿ, ಮೂವತ್ತರ ಹತ್ತಿರ ಬಂದವನಿಗೆ ಮತ್ತೆ ಒಂದನೇ ಕ್ಲಾಸು. ಸ್ವಾಹಿಲಿ ಕಷ್ಟ ಅಂದುಕೊಂಡಿದ್ದೆ. ನೋಡಿದರೆ ಮೇಜಿಗೆ 'ಮೇಝಾ', ಗಾಡಿಗೆ 'ಗಾರಿ', ಅಂಗಡಿಗೆ 'ದುಕಾ', ಅನಾನಸಿಗೆ 'ನನಾಸಿ'. ನಾನು ಅಲ್ಲಿಯೂ 'ಪಾದ್ರಿ'ಯೇ! ಪೋರ್ಚುಗೀಸರ ಹಡಗು, ಗುಜರಾತಿಗಳ ವ್ಯಾಪಾರ ಎರಡು ದಡಕ್ಕೂ ಮುಟ್ಟಿದ್ದವಲ್ಲ. ಹಿರಿಯರಿಗೆ 'ಶಿಕಮೋ' ಎನ್ನಬೇಕು, ನಿಮ್ಮ ಕಾಲು ಹಿಡಿಯುತ್ತೇನೆ ಎಂದು ಅರ್ಥ. ಇದು ಪರದೇಶವೇ ಅಲ್ಲ ಎಂದು ಬೀಗಿದೆ.

ಅಷ್ಟರಲ್ಲಿ ವರ್ಗ. ಸರೋವರದ ಆಚೆ ದಡ, ಬುಕೋಬಾ ಕಡೆಯ ಹಳ್ಳಿ. ಕೆಂಪು ಮಣ್ಣು, ಮನೆಮನೆಯ ಸುತ್ತ ಬಾಳೆತೋಟ, ಬಾಳೆಯ ನೆರಳಲ್ಲಿ ಕಾಫಿ. ಕಷ್ಟಪಟ್ಟು ಸ್ವಾಹಿಲಿ ಕಲಿತು ಬಂದರೆ ಅಜ್ಜಿಯರು ಆಡುವುದು ಹಾಯಾ ಭಾಷೆ! ಬೆಳಿಗ್ಗೆ ಪೂಜೆ, ಬೇಯಿಸಿದ ಬಾಳೆಕಾಯಿ ಮತ್ತು ಹುರುಳಿಕಾಯಿ ಬೀಜ, ಆಮೇಲೆ 'ಪಿಕಿಪಿಕಿ' ಹತ್ತಿ ಊರೂರು. ಮೋಟರ್ ಸೈಕಲ್ಲಿಗೆ ಅವರಿಟ್ಟ ಹೆಸರು ಅದು, ಸದ್ದೇ ಹೆಸರಾದದ್ದು. ಅದರ ಹಿಂದೆ ಕೂತವರು ಹೆಚ್ಚಾಗಿ ರೋಗಿಗಳು. ತಾಂಜಾನಿಯಾದಲ್ಲಿ ಏಡ್ಸ್ ಮೊದಲು ಗೊತ್ತಾದದ್ದು 1983ರಲ್ಲಿ, ಇದೇ ಕಗೇರಾ ಪ್ರಾಂತ್ಯದಲ್ಲಿ. ನಾನು ಹೋಗುವಾಗ ಅದಕ್ಕೆ ಹತ್ತು ವರ್ಷ. ಎಷ್ಟೋ ಮನೆಗಳಲ್ಲಿ ಅಜ್ಜಿ ಇದ್ದಳು, ಮೊಮ್ಮಕ್ಕಳಿದ್ದರು, ನಡುವಿನವರು ಇರಲಿಲ್ಲ. ಮದುವೆ ಮಾಡಿಸಿದ್ದಕ್ಕಿಂತ ಮಣ್ಣು ಮಾಡಿದ್ದೇ ಹೆಚ್ಚು.

ಒಂದು ದಿನ ದೂರದ ಹಳ್ಳಿಯ ಉಪದೇಶಿ ಚೀಟಿ ಕಳಿಸಿದ: 'ಭಾನುವಾರ, ಸಾ 4.' 'ಸಾ' ಎಂದರೆ ಗಂಟೆ. ಭೂಮಧ್ಯರೇಖೆಯ ಹತ್ತಿರದ ಊರಾದ್ದರಿಂದ ವರ್ಷವಿಡೀ ಹಗಲು ರಾತ್ರಿ ಸಮಸಮ. ಹಾಗಾಗಿ ಅವರು ನಮ್ಮ ಹಿಂದಿನವರು ಗಳಿಗೆ ಎಣಿಸಿದ ಹಾಗೆ ಬೆಳಗಿನಿಂದಲೇ ಎಣಿಸುತ್ತಾರೆ. ನಮ್ಮ ಏಳು ಅವರ ಒಂದು. ಅವರ ನಾಲ್ಕು ನಮ್ಮ ಹತ್ತು. ಇದನ್ನು ಮಕೋಕೋದಲ್ಲಿ ಕಲಿತಿದ್ದೆ, ಪರೀಕ್ಷೆಯಲ್ಲಿ ಅಂಕವೂ ಬಂದಿತ್ತು. ಆದರೆ ಆ ಚೀಟಿ ಓದಿದ್ದು ಸ್ವಾಹಿಲಿ ಕಲಿತ ತಲೆಯಲ್ಲ, ಬಂಟ್ವಾಳದ ತಲೆ. ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದು, ಮೂರಕ್ಕೆ ಹೊರಟೆ.

ಹಳ್ಳಿ ಮುಟ್ಟಿದಾಗ ಮರದ ಬುಡದಲ್ಲಿ ಮಕ್ಕಳು ಚಾಪೆಯ ಮೇಲೆ ನಿದ್ದೆಹೋಗಿದ್ದರು. ಹೆಂಗಸರು ಹಾಗೇ ಕೂತಿದ್ದರು. ಉಪದೇಶಿ ಒಮ್ಮೆ ನನ್ನ ಕೈಗಡಿಯಾರ ನೋಡಿದ, ಒಮ್ಮೆ ನನ್ನ ಮುಖ. "ಕರಿಬು, ಪಾದ್ರಿ," ಅಂದ. ಬನ್ನಿ ಅಂತ. ಆಗ ಹೊಳೆಯಿತು. ಆರು ಗಂಟೆ ಕಾದಿದ್ದರು! ಅದೂ ಹಳೆಯ ನೇಮದಂತೆ, ಪರಮಪ್ರಸಾದ ತೆಗೆದುಕೊಳ್ಳುವವರೆಗೆ ಹನಿ ನೀರೂ ಮುಟ್ಟದೆ. ಅವತ್ತಿನ ಪೂಜೆ ಒಬ್ಬ ಅಜ್ಜಿಯ ಎರಡನೆಯ ಮಗನ ಆತ್ಮಕ್ಕಾಗಿ ಎಂದು ಬಲಿಪೀಠದ ಮುಂದೆ ನಿಂತ ಮೇಲೆ ಗೊತ್ತಾಯಿತು. ಪ್ರಸಂಗ ಬರೆದುಕೊಂಡು ಹೋಗಿದ್ದೆ. ಓದಲು ಆಗಲಿಲ್ಲ.

ಪೂಜೆಯಾದ ಮೇಲೆ ಅಜ್ಜಿಯ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವಳು ಸಣ್ಣ ಬುಟ್ಟಿಯಿಂದ ನಾಲ್ಕು ಕಾಫಿ ಬೀಜ ತೆಗೆದು ನನ್ನ ಅಂಗೈಗಿಟ್ಟಳು. ಹಾಯಾ ಜನ ಕಾಫಿ ಬೀಜವನ್ನು ಬೇಯಿಸಿ ಒಣಗಿಸಿ ಇಟ್ಟಿರುತ್ತಾರೆ. ಬಂದವರಿಗೆ ಕೊಡುವುದು, ನಮ್ಮಲ್ಲಿ ಎಲೆಯಡಿಕೆ ಕೊಟ್ಟ ಹಾಗೆ. ಅಗಿದೆ. ಕಹಿ. ಆಮೇಲೆ ಸ್ವಾಹಿಲಿಯ ಗಾದೆಯೊಂದನ್ನು ಹೇಳಿದಳು: ನೆಂಟ ಎರಡು ದಿನ, ಮೂರನೆಯ ದಿನ ಕೈಗೆ ಗುದ್ದಲಿ ಕೊಡು. "ನಿನಗಿನ್ನೂ ಎರಡು ದಿನ ಆಗಿಲ್ಲ," ಎಂದು ನಕ್ಕಳು.

ಮುಂದೆ ಗುದ್ದಲಿಯನ್ನೂ ಕೊಟ್ಟಳು. ಆ ಕಡೆ ಹೋದಾಗಲೆಲ್ಲ ಅವಳ ಬಾಳೆಯ ಬುಡದ ಕಳೆ ತೆಗೆದೆ. ಮೊಮ್ಮಕ್ಕಳು ನನ್ನ ಹಾಯಾ ಕೇಳಿ ಬಿದ್ದು ಬಿದ್ದು ನಕ್ಕರು.

1994ರ ಏಪ್ರಿಲ್ ಕೊನೆ. ರುವಾಂಡಾದ ಹತ್ಯಾಕಾಂಡದ ನಡುವೆ ರುಸುಮೋ ಸೇತುವೆ ದಾಟಿ ಒಂದೇ ದಿನದಲ್ಲಿ ಸುಮಾರು ಎರಡೂವರೆ ಲಕ್ಷ ಜನ ನಮ್ಮ ಪ್ರಾಂತ್ಯದ ಎನ್ಗಾರಾಕ್ಕೆ ಬಂದರು. ನನಗೂ ಸಂದೇಶ ಬಂತು: ಅಲ್ಲಿಗೆ ಹೊರಡು. ಮತ್ತೆ ಹೊಸ ಊರು, ಹೊಸ ಭಾಷೆ, ಮತ್ತೆ ಮೊದಲ ದಿನದ ನೆಂಟ.

ಬೀಳ್ಕೊಡಲು ಅಜ್ಜಿ ಬಾಳೆಗೊನೆ ಹೊರಿಸಿಕೊಂಡು ಬಂದಳು. "ಬಸ್ಸು ಎಷ್ಟಕ್ಕೆ?"

"ನಾಳೆ ಬೆಳಿಗ್ಗೆ ಹನ್ನೆರಡಕ್ಕೆ, ಅಜ್ಜಿ," ಅಂದೆ, ಈ ಸಲ ತಪ್ಪಲಿಲ್ಲ ಎಂಬ ಜಂಬದಲ್ಲಿ.

ಅವಳು ಬೆರಳು ಮಡಚಿ ಎಣಿಸಿದಳು. ನನ್ನ ಕೈಗಡಿಯಾರದ ಗಾಜಿನ ಮೇಲೆ ಉಗುರಿನಿಂದ ಕುಟ್ಟಿ ತೋರಿಸಿದಳು.

"ಇದರಲ್ಲಿ ಆರು."