ಸ್ಟೈಯಲ್ ಊರಿನ ಮಕ್ಕಳ ಮನೆ

ಮುಂದೆ ಒಂದು ಕಾಲ ಬರುವುದೆಂದೂ, ಆಗ ಮಕ್ಕಳಿಗೆ ಬಾಲ್ಯವೆಂಬುದೇ ಇಲ್ಲದೆ ಹೋಗುವುದೆಂದೂ, ಎಳೆಯರನ್ನು ಯಂತ್ರಗಳು ತಮ್ಮ ಸೇವೆಗೆ ಎಳೆದುಕೊಳ್ಳುವುವೆಂದೂ ಕತೆ ಕಟ್ಟುವವರು ಈಗ ಹಲವರಿದ್ದಾರೆ. ಅಂತಹ ಕತೆಯನ್ನು ಓದಿದಾಗ ನಾವು ‘ಇದೆಲ್ಲ ಕಲ್ಪನೆ’ ಎಂದು ಪುಸ್ತಕವನ್ನು ಮುಚ್ಚಿ, ನಮ್ಮ ಕೆಲಸಕ್ಕೆ ಏಳುತ್ತೇವೆ. ನಾನೂ ಹಾಗೆಯೇ ಎಣಿಸಿದ್ದೆನು. ಆದರೆ ಕಳೆದ ಬೇಸಗೆಯಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಗೆ ಹೋಗಿ ಬಂದ ಬಳಿಕ, ಅಂತಹ ಲೋಕವು ಹಿಂದೆಯೇ ಒಮ್ಮೆ ಇದ್ದಿತೆಂದು ತಿಳಿದೆನು. ಅದರ ಮನೆಯನ್ನೂ ಅಡುಗೆಯ ಒಲೆಯನ್ನೂ ಕಣ್ಣಾರೆ ಕಂಡೆನು.

ನನ್ನ ಕಿರಿಯ ಮಗನು ಮ್ಯಾಂಚೆಸ್ಟರ್ ನಗರದಲ್ಲಿ ಉದ್ಯೋಗದಲ್ಲಿರುವನು. ಬೆಂಗಳೂರಿನಲ್ಲಿ ನಮ್ಮೊಡನಿರುವ ಹಿರಿಯ ಮಗನ ಮಗಳಿಗೆ ಹನ್ನೊಂದು ವರ್ಷ. ಶಾಲೆಯ ರಜೆಯಲ್ಲಿ ಆಕೆಯನ್ನು ಕರೆದುಕೊಂಡು ಅವನ ಮನೆಗೆ ಹೋಗಿದ್ದೆನು. ಒಂದು ಬೆಳಗ್ಗೆ ನಾವಿಬ್ಬರೂ ರೈಲಿನಲ್ಲಿ ಹೊರಟು, ನಗರದ ದಕ್ಷಿಣಕ್ಕಿರುವ ಸ್ಟೈಯಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದೆವು. ಅಲ್ಲಿಂದ ಹಾದಿಯು ಹೊಲಗಳ ನಡುವೆ ಸಾಗಿ, ಮರಗಳ ತಂಪಿನಲ್ಲಿ ಬಾಲಿನ್ ಎಂಬ ಕಿರುಹೊಳೆಯ ಕಣಿವೆಗೆ ಇಳಿಯುವುದು. ತಲೆಯ ಮೇಲೆ ಆಗಾಗ ಹಾದುಹೋಗುವ ವಿಮಾನಗಳ ಸದ್ದನ್ನು ಬಿಟ್ಟರೆ, ನಮ್ಮ ಮಲೆನಾಡಿನ ಯಾವುದೋ ಹಳ್ಳದ ದಂಡೆಯಲ್ಲಿ ನಡೆಯುತ್ತಿರುವಂತೆಯೇ ತೋರುವುದು. ತಿರುವೊಂದನ್ನು ಕಳೆಯುತ್ತಲೇ ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡವು ಎದುರು ನಿಲ್ಲುವುದು. ಇದೇ ಕ್ವಾರಿ ಬ್ಯಾಂಕ್ ಎಂಬ ಹತ್ತಿಯ ಗಿರಣಿ.

ಇದನ್ನು ೧೭೮೪ರಲ್ಲಿ ಸ್ಥಾಪಿಸಿದವನು ಸ್ಯಾಮ್ಯುಯೆಲ್ ಗ್ರೆಗ್. ಆಗ ಯಂತ್ರಗಳನ್ನು ತಿರುಗಿಸುತ್ತಿದ್ದುದು ನೀರಿನ ಚಕ್ರ. ಆದುದರಿಂದ ಹೊಳೆಯಿದ್ದಲ್ಲಿಗೆ ಗಿರಣಿಯು ಹೋಗಬೇಕಾಯಿತು. ಹೊಳೆಯೇನೋ ಇದ್ದಿತು, ಆದರೆ ಅಲ್ಲಿ ಜನರು ವಿರಳ. ಆ ಕೊರತೆಯನ್ನು ತುಂಬಿದವರು ಮಕ್ಕಳು. ದಿಕ್ಕಿಲ್ಲದ ಬಡವರನ್ನು ಇರಿಸುತ್ತಿದ್ದ ವರ್ಕ್‌ಹೌಸುಗಳಲ್ಲಿ ಅನಾಥರೂ ಕಡುಬಡವರ ಮಕ್ಕಳೂ ತುಂಬಿದ್ದರು. ಅವರನ್ನು ಸಾಕುವ ಭಾರವು ತಪ್ಪಿದರೆ ಸಾಕೆಂದು ಅಲ್ಲಿನ ಅಧಿಕಾರಿಗಳು ಎಳೆಯರನ್ನು ಕರಾರುಪತ್ರದ ಮೇಲೆ ಗಿರಣಿಗಳಿಗೆ ಒಪ್ಪಿಸುತ್ತಿದ್ದರು. ಕೂಲಿಯ ಬದಲು ಅನ್ನ, ಬಟ್ಟೆ, ಮಲಗಲು ಜಾಗ.

ಗಿರಣಿಯ ಒಳಗೆ ಮ್ಯೂಲ್ ಎಂಬ ನೂಲುವ ಯಂತ್ರವನ್ನು ಈಗಲೂ ನಡೆಸಿ ತೋರಿಸುವರು. ಸಾಲುಸಾಲು ಕದಿರುಗಳನ್ನು ಹೊತ್ತ ಗಾಡಿಯೊಂದು ಹಿಂದಕ್ಕೂ ಮುಂದಕ್ಕೂ ಉರುಳುತ್ತ ಎಳೆಯನ್ನು ಹಿಗ್ಗಿಸಿ ಸುತ್ತುವುದು. ಎಳೆ ಕಡಿದರೆ ಓಡಿಹೋಗಿ ಹೊಸೆದು ಕೂಡಿಸುವುದು ಒಬ್ಬ ಬಾಲಕನ ಕೆಲಸ. ಚಲಿಸುವ ಗಾಡಿಯ ಅಡಿಯಲ್ಲಿ ತೆವಳಿ ಬಿದ್ದ ಹತ್ತಿಯ ನವಿರನ್ನು ಬಳಿದು ತೆಗೆಯುವುದು ಇನ್ನೂ ಚಿಕ್ಕವರ ಕೆಲಸ. ಆ ಸದ್ದಿನಲ್ಲಿ ನನ್ನ ಮೊಮ್ಮಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಅಲ್ಲಿಂದ ದಿಬ್ಬವನ್ನು ಏರಿದರೆ ಮಕ್ಕಳ ಮನೆ. ೧೭೯೦ರಲ್ಲಿ ಕಟ್ಟಿದ ಈ ಬಿಳಿಯ ಮನೆಯಲ್ಲಿ ಒಂದು ಕಾಲಕ್ಕೆ ಸುಮಾರು ೯೦ ಮಕ್ಕಳು ವಾಸಿಸಿದರು. ಮುಂದೆ ತರಕಾರಿಯ ತೋಟ, ಕೆಳಗೆ ಅಡುಗೆಯ ಮನೆ, ಪಾಠದ ಕೋಣೆ, ಮೇಲೆ ಮಲಗುವ ಕೋಣೆ. ಒಂದೊಂದು ಹಾಸಿಗೆಗೆ ಇಬ್ಬರು. ನರಕವನ್ನು ನೋಡುವೆನೆಂದು ಹೋದವನಿಗೆ ಅಲ್ಲಿ ಕಂಡುದು ಅಚ್ಚುಕಟ್ಟು. ಆ ಕಾಲದ ಗಿರಣಿಗಳಲ್ಲಿ ಇದು ಒಳ್ಳೆಯದೆಂದು ಹೆಸರಾಗಿದ್ದಿತು. ಪೀಟರ್ ಹಾಲೆಂಡ್ ಎಂಬ ವೈದ್ಯನು ಬಂದು ಮಕ್ಕಳನ್ನು ಪರೀಕ್ಷಿಸುತ್ತಿದ್ದನು. ಗ್ರೆಗ್‌ನ ಹೆಂಡತಿ ಹ್ಯಾನಾ ಮಕ್ಕಳ ವಿದ್ಯೆಯಲ್ಲಿ ಆಸಕ್ತಿ ವಹಿಸಿದ್ದಳು. ಹೊಟ್ಟೆಗೆ ಗಂಜಿ, ಆಲೂಗಡ್ಡೆ, ತೋಟದ ತರಕಾರಿ ದೊರೆಯುತ್ತಿದ್ದುವು.

ಆದರೂ ೧೮೦೬ರಲ್ಲಿ ಇಬ್ಬರು ಹುಡುಗರು ಇಲ್ಲಿಂದ ತಪ್ಪಿಸಿಕೊಂಡು ಹೋದರು. ಒಬ್ಬನು ಜೋಸೆಫ್ ಸೆಫ್ಟನ್, ಇನ್ನೊಬ್ಬನು ಅವನಿಗಿಂತ ಚಿಕ್ಕವನಾದ ಥಾಮಸ್ ಪ್ರೀಸ್ಟ್ಲಿ. ಅವರು ಹಿಡಿದುದು ಲಂಡನ್ನಿನ ಹ್ಯಾಕ್ನಿಯ ದಾರಿ, ೧೫೦ ಮೈಲಿಗೂ ಮೀರಿದುದು. ಸಿಕ್ಕಿಬಿದ್ದ ಮೇಲೆ ನ್ಯಾಯಾಧಿಕಾರಿಗಳ ಮುಂದೆ ಅವರು ಕೊಟ್ಟ ಹೇಳಿಕೆಗಳು ಉಳಿದುಬಂದಿವೆ. ಅವುಗಳಲ್ಲಿ ಹಸಿವಿನ ದೂರಾಗಲಿ ಏಟಿನ ದೂರಾಗಲಿ ಮುಖ್ಯವಾಗಿಲ್ಲ. ಬೆಳಗಿನ ೬ ಗಂಟೆಯಿಂದ ಸಂಜೆಯ ೭ರ ವರೆಗೆ ದುಡಿದು, ಮೇಲೆ ಹೆಚ್ಚಿನ ಹೊತ್ತೂ ದುಡಿಯಬೇಕಾಗಿದ್ದುದರಿಂದ ತನಗೆ ಓದಲು ಬಿಡುವಿಲ್ಲವೆಂಬುದೇ ಸೆಫ್ಟನ್ನನ ಕೊರಗು. ಪ್ರೀಸ್ಟ್ಲಿಯ ಬೆರಳೊಂದು ಯಂತ್ರಕ್ಕೆ ಸಿಕ್ಕಿ ಹೋಗಿದ್ದಿತು. ಗಾಯದಿಂದ ಮಲಗಿದ್ದಾಗ ಅವನಿಗೆ ಹ್ಯಾಕ್ನಿಯಲ್ಲಿದ್ದ ತಾಯಿಯ ನೆನಪಾಯಿತು. ನೋಡಬೇಕೆನ್ನಿಸಿತು. ಅಷ್ಟೇ ಅವನ ಅಪರಾಧ. ಇದಾದ ೩೦ ವರ್ಷಗಳ ಮೇಲೆ, ೧೮೩೬ರಲ್ಲಿ, ಎಸ್ತರ್ ಪ್ರೈಸ್ ಎಂಬ ಹುಡುಗಿಯೂ ಓಡಿಹೋಗಿ ಮರಳಿದಾಗ, ಕಿಟಕಿಗೆ ಹಲಗೆ ಹೊಡೆದ ಕೋಣೆಯಲ್ಲಿ ಆಕೆಯನ್ನು ಒಂಟಿಯಾಗಿ ಕೂಡಿಹಾಕಿದರು.

ಮಲಗುವ ಕೋಣೆಯಲ್ಲಿ ನಿಂತಾಗ ನನ್ನ ಮೊಮ್ಮಗಳು ಕೇಳಿದಳು: “ತಾತ, ಇವರು ಆಡುತ್ತಿದ್ದುದು ಯಾವಾಗ?” ನಾನು ಆ ಪ್ರಶ್ನೆಯನ್ನು ಮನೆಯನ್ನು ತೋರಿಸುತ್ತಿದ್ದ ಹೆಂಗಸಿಗೆ ತಿಳಿಸಿದೆನು. ಭಾನುವಾರ ಬೆಳಗ್ಗೆ ಚರ್ಚು, ಮಧ್ಯಾಹ್ನ ಪಾಠ, ಅದಾದ ಬಳಿಕ ಸ್ವಲ್ಪ ಹೊತ್ತು ಆಟ ಎಂದು ಆಕೆ ಹೇಳಿದಳು.

“ಹಾಗಾದರೆ ನನ್ನ ಹಾಗೆಯೇ. ನನಗೂ ಭಾನುವಾರ ಗಣಿತದ ಪಾಠ ಮುಗಿದ ಮೇಲೆಯೇ ಅಲ್ಲವೇ ತಾತ?” ಎಂದಳು ಹುಡುಗಿ.

ಆಕೆ ದೂರುವ ದನಿಯಲ್ಲಿ ಹೇಳಲಿಲ್ಲ. ಆದರೆ ಆ ಪಾಠವನ್ನು ಗೊತ್ತುಮಾಡಿ ಬಂದವನು ನಾನೇ. ನಸುಕಿನಲ್ಲಿ ಎಬ್ಬಿಸುವುದು, ಶಾಲೆಯ ಬಳಿಕ ಇನ್ನೊಂದು ಶಾಲೆ, ರಾತ್ರಿ ಅಭ್ಯಾಸ, ಎಲ್ಲವನ್ನೂ ಹಾಳೆಯ ಮೇಲೆ ಗೆರೆ ಎಳೆದು ಬರೆದು ಗೋಡೆಗೆ ಅಂಟಿಸಿದವನೂ ನಾನೇ. ಹಿಂದಿರುಗುವ ರೈಲಿನಲ್ಲಿ ಬೆರಳೆಣಿಸಿ ಲೆಕ್ಕ ಹಾಕಿದೆನು. ಆಕೆಯ ದಿನವೂ ಹದಿಮೂರು ಗಂಟೆಯೇ ಆಯಿತು.

ಬೆರಳು ಕಳೆದುಕೊಂಡ ಆ ಹುಡುಗನ ದುಃಖಕ್ಕೂ ಇವಳ ಆಯಾಸಕ್ಕೂ ಸಮವೆಂದರೆ ಅವಿವೇಕವಾದೀತು. ಇವಳಿಗೆ ತಾಯಿ ಜೊತೆಯಲ್ಲಿದ್ದಾಳೆ. ಆ ದುಃಖವು ಇಂಗ್ಲೆಂಡಿನಲ್ಲಿಯೂ ಒಂದೇ ದಿನದಲ್ಲಿ ತೀರಲಿಲ್ಲ. ೧೮೦೨ರ ಕಾಯಿದೆಯು ಇಂತಹ ಮಕ್ಕಳ ದುಡಿಮೆಯನ್ನು ದಿನಕ್ಕೆ ೧೨ ಗಂಟೆಗಳಿಗೆ ಮಿತಿಗೊಳಿಸಿತು. ೧೮೩೩ರದು ೯ ವರ್ಷಕ್ಕೆ ಕೆಳಗಿನವರನ್ನು ಬಟ್ಟೆಯ ಗಿರಣಿಗಳಿಂದ ಹೊರಗಿಟ್ಟಿತು. ಕ್ವಾರಿ ಬ್ಯಾಂಕಿನಲ್ಲಿ ಈ ಪದ್ಧತಿ ಕೊನೆಗೊಂಡುದು ೧೮೪೭ರಲ್ಲಿ. ನಮ್ಮ ರಾಮನಗರ, ಮಾಗಡಿಗಳ ರೇಷ್ಮೆಯ ನೂಲು ತೆಗೆಯುವ ಕೊಟ್ಟಿಗೆಗಳಲ್ಲಿ, ೧೯೮೬ರ ಕಾಯಿದೆ ಬಂದ ಮೇಲೆಯೂ, ಈ ಶತಮಾನದ ಮೊದಲ ವರ್ಷಗಳಲ್ಲಿ ಸಹ, ಸಾಲಕ್ಕೆ ಒತ್ತೆಯಾದ ಮಕ್ಕಳು ಬಿಸಿನೀರಿನಲ್ಲಿ ಕೈಯಿಟ್ಟು ಗೂಡುಗಳನ್ನು ಬಿಡಿಸುತ್ತಿದ್ದರು. ೨೦೨೪ರಲ್ಲಿ ಲೋಕದಲ್ಲಿ ೧೩ ಕೋಟಿ ೮೦ ಲಕ್ಷ ಮಕ್ಕಳು ದುಡಿಮೆಯಲ್ಲಿದ್ದರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ಎಣಿಸಿವೆ. ನೆರೆಯ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನನ್ನು ಕಂಡೂ ಕಾಣದಂತೆ ಕಾಫಿ ಕುಡಿದು ಬಂದ ದಿನಗಳು ನನಗೂ ಇವೆ.

ಆ ಬಿಳಿಯ ಮನೆಯಿಂದ ನಾನು ಕಲಿತುದು ಇಷ್ಟು. ಉಣಿಸಿ, ಉಡಿಸಿ, ಔಷಧ ಕೊಟ್ಟು, ಅಕ್ಷರ ಕಲಿಸಿಯೂ ಮಕ್ಕಳ ಬಾಲ್ಯವನ್ನು ಕಸಿದುಕೊಳ್ಳಬಹುದು. ಅವರ ಹೊತ್ತೆಲ್ಲವನ್ನೂ ನಮ್ಮದಾಗಿ ಮಾಡಿಕೊಂಡರೆ ಸಾಕು. ಹಾಗೆ ಮಾಡುವವರು ಕ್ರೂರಿಗಳೇ ಆಗಿರಬೇಕಾಗಿಲ್ಲ.

ಊರಿಗೆ ಬಂದವನು ಭಾನುವಾರದ ಪಾಠವನ್ನು ಬಿಡಿಸಿದೆನು. “ಮಾವ, ಮಗು ಹಿಂದೆ ಬಿದ್ದರೆ ಏನು ಮಾಡುವುದು?” ಎಂದು ಸೊಸೆ ಅಂಜಿದಳು. ಆ ಅಂಜಿಕೆ ಸುಳ್ಳಲ್ಲ. ಅದಕ್ಕೆ ಪೂರ್ಣವಾದ ಉತ್ತರವು ನನ್ನ ಬಳಿಯೂ ಇಲ್ಲ. ಒಂದು ವರ್ಷ ನೋಡೋಣವೆಂದು ಒಪ್ಪಿಸಿದ್ದೇನೆ. ಮೊದಲನೆಯ ಭಾನುವಾರ ಹುಡುಗಿಗೆ ಏನು ಮಾಡಬೇಕೆಂದು ತೋಚದೆ ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದಳು. ಎರಡನೆಯ ಭಾನುವಾರ ಬೀದಿಯ ಮಕ್ಕಳೊಡನೆ ಕುಂಟೆಬಿಲ್ಲೆ ಆಡಿ, ಮೊಣಕಾಲನ್ನು ತರಚಿಕೊಂಡು ದೀಪ ಹಚ್ಚುವ ಹೊತ್ತಿಗೆ ಒಳಗೆ ಬಂದಳು. ಗಾಯವನ್ನು ತೊಳೆದು ಅರಿಸಿನ ಹಚ್ಚಿದೆನು. ಹಚ್ಚುವಷ್ಟು ಹೊತ್ತೂ ಅವಳು ಆಟದ ಮಾತನ್ನೇ ಆಡುತ್ತಿದ್ದಳು.