ಬುಟ್ಟಿ ಇಟ್ಟು ಓಡಿದ ರಾತ್ರಿ

ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಯಾರೂ ಇಲ್ಲ. ಮೆಟ್ಟಿಲ ಮೇಲೆ ಒಂದು ಪುಟ್ಟ ಬುಟ್ಟಿ. ಅದರೊಳಗೆ ಚಾಕಲೇಟು, ಪ್ಲಾಸ್ಟಿಕ್ ಜೇಡ, ಕತ್ತಲಲ್ಲಿ ಹೊಳೆಯುವ ಬಳೆ, ಮೇಲೊಂದು ಚೀಟಿ, ಬಿಳಿ ಕಾಗದದಲ್ಲಿ ಕತ್ತರಿಸಿದ ಒಂದು ದೆವ್ವ.

“ಯಾರೋ ಮನೆ ತಪ್ಪಿ ಇಟ್ಟಿದ್ದಾರೆ, ಮುಟ್ಟಬೇಡ ಪುಟ್ಟಿ” ಎಂದೆ. ಮೊಮ್ಮಗಳು ನಿಂತಲ್ಲೇ ಕುಣಿದಳು. “ಇಲ್ಲ ತಾತ, ನಮಗೆ ಬೂ ಮಾಡಿದ್ದಾರೆ!”

ಷಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 45 ಕಿ.ಮೀ. ದೂರದ ನೇಪರ್‌ವಿಲ್‌ನಲ್ಲಿ ಮಗಳ ಮನೆ. ಊರ ನಡುವೆ ಡುಪೇಜ್ ಎಂಬ ಸಣ್ಣ ನದಿ, ದಡದುದ್ದಕ್ಕೂ ಇಟ್ಟಿಗೆ ಹಾಸಿದ ಕಾಲುದಾರಿ. ನಾನು ಹೋದದ್ದು ಅಕ್ಟೋಬರ್‌ನಲ್ಲಿ. ಮೇಪಲ್ ಮರಗಳ ಎಲೆ ಅರಿಸಿನ ಕುಂಕುಮ ಎರಚಿದಂತೆ ಉದುರುತ್ತಿತ್ತು. ಮನೆ ಮನೆಯ ಮುಂದೆ ಸಿಹಿಗುಂಬಳಕಾಯಿ. ಆಯುಧಪೂಜೆಗೆ ನಾವು ಬೂದುಗುಂಬಳ ಒಡೆಯುತ್ತೇವೆ, ಇವರು ಕುಂಬಳಕಾಯಿಗೆ ಕಣ್ಣು, ಹಲ್ಲು ಕೊರೆದು ಒಳಗೆ ದೀಪ ಇಡುತ್ತಾರೆ. ಐರ್ಲೆಂಡಿನಲ್ಲಿ ಹಿಂದೆ ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದರಂತೆ. ಅಲ್ಲಿಂದ ಅಮೆರಿಕಕ್ಕೆ ವಲಸೆ ಬಂದವರಿಗೆ ಕೊರೆಯಲು ಸುಲಭವಾದ ಕುಂಬಳಕಾಯಿ ಧಾರಾಳವಾಗಿ ಸಿಕ್ಕಿತು. ಈಗ ಅಮೆರಿಕದಲ್ಲಿ ಅತಿ ಹೆಚ್ಚು ಕುಂಬಳಕಾಯಿ ಬೆಳೆಯುವುದು ಇದೇ ಇಲಿನಾಯ್ ರಾಜ್ಯದಲ್ಲಿ.

ಅಕ್ಟೋಬರ್ 31ರ ಹ್ಯಾಲೊವೀನ್ ದಿನ ಮಕ್ಕಳು ವೇಷ ಹಾಕಿ ಮನೆ ಮನೆಗೆ ಮಿಠಾಯಿ ಕೇಳಲು ಹೋಗುವುದು ನಿಮಗೂ ಗೊತ್ತಿರಬಹುದು. ಬುಟ್ಟಿಯ ಆಟ ಅದಕ್ಕೂ ಮುಂಚಿನದು. ಬುಟ್ಟಿ ಸಿಕ್ಕವರು ಕಾಗದದ ದೆವ್ವವನ್ನು ಬಾಗಿಲಿಗೆ ಅಂಟಿಸಬೇಕು. ಈ ಮನೆಗೆ ಆಗಲೇ ಬುಟ್ಟಿ ಬಂದಾಯಿತು ಎಂಬುದಕ್ಕೆ ಅದೇ ರಸೀದಿ. ಆಮೇಲೆ ಒಂದೆರಡು ದಿನದೊಳಗೆ, ದೆವ್ವ ಇಲ್ಲದ ಎರಡು ಮನೆಗಳಿಗೆ ಗುಟ್ಟಾಗಿ ಬುಟ್ಟಿ ಇಟ್ಟು, ಗಂಟೆ ಒತ್ತಿ ಓಡಬೇಕು. ನಮ್ಮಲ್ಲಿ ಎಳ್ಳು ಬೀರಲು ಹೋದರೆ ಒಳಗೆ ಕರೆದು ಕೂರಿಸಿ ಕಾಫಿ ಕೊಡುತ್ತಾರೆ. ಕೊಟ್ಟು ಕಳ್ಳನಂತೆ ಓಡುವುದು ನನಗೆ ಹೊಸದು.

ಒಂದು ಬುಟ್ಟಿ ಎದುರುಮನೆಯ ಏಳು ವರ್ಷದ ಹುಡುಗನಿಗೆ ಎಂದು ಪುಟ್ಟಿ ತೀರ್ಮಾನಿಸಿದಳು. ಇನ್ನೊಂದು ಮೂಲೆಮನೆಯಲ್ಲಿ ಒಂಟಿಯಾಗಿರುವ ಅಜ್ಜಿಗೆ ಎಂದೆ ನಾನು. “ಅಲ್ಲಿ ಮಕ್ಕಳೇ ಇಲ್ವಲ್ಲ ತಾತ!” ಎಂದಳು. ಇಲ್ಲ ಅಂತಲೇ ಹೇಳಿದ್ದು ಎಂದೆ.

ಡಾಲರ್ ಅಂಗಡಿಗೆ ಹೋದೆವು. ಹೆಸರಿಗೆ ಡಾಲರ್, ಬೆಲೆ ಒಂದೂಕಾಲು. ಬುಟ್ಟಿ, ಬಣ್ಣದ ಕಾಗದ ತಂದೆವು. ತುಂಬಲು ನನ್ನ ಹತ್ತಿರ ಸರಕು ಸಿದ್ಧವಿತ್ತು. ಮೈಸೂರಿನಿಂದ ಹೊರಡುವಾಗ ನನ್ನಾಕೆ ಒಂದು ಡಬ್ಬಿ ಚಕ್ಕುಲಿ, ಒಂದು ಡಬ್ಬಿ ಕಡಲೆಮಿಠಾಯಿ ಕಟ್ಟಿಕೊಟ್ಟಿದ್ದಳು. ಹುಡುಗನ ಬುಟ್ಟಿಗೆ ಎರಡನ್ನೂ ಇಟ್ಟು ರಿಬ್ಬನ್ ಕಟ್ಟುತ್ತಿದ್ದೆ. ಮಗಳು ಅಡುಗೆಮನೆಯಿಂದ ಓಡಿಬಂದಳು.

“ಅಪ್ಪಾ, ಆ ಮಗುವಿಗೆ ಕಡಲೆಬೀಜ ಆಗೋದಿಲ್ಲ. ಎಳ್ಳೂ ಆಗೋದಿಲ್ಲ.”

“ಒಂದು ಚೂರು ತಿಂದರೆ ಏನಾಗುತ್ತೆ?” ಎಂದೆ. ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ನನ್ನಾಕೆಯ ಚಕ್ಕುಲಿಯನ್ನು ಬೇಡ ಎಂದವರನ್ನು ನಾನು ನೋಡಿರಲಿಲ್ಲ.

ಹೋದ ವರ್ಷ ಒಂದೇ ಒಂದು ಬಿಸ್ಕತ್ತಿನಿಂದ ಆ ಹುಡುಗನ ಗಂಟಲು ಊದಿ, ಉಸಿರು ಕಟ್ಟಿ, ಆಂಬುಲೆನ್ಸ್ ಬಂದಿತ್ತಂತೆ. ಅವನ ಶಾಲೆಯ ಚೀಲದಲ್ಲಿ ಸದಾ ಒಂದು ಚುಚ್ಚುಮದ್ದು ಇರುತ್ತದೆ. ನಾನು ತೆಪ್ಪಗೆ ರಿಬ್ಬನ್ ಬಿಚ್ಚಿದೆ. ಎಣ್ಣೆ ಕೈ ತಾಗಿದ ಆ ಬುಟ್ಟಿಯನ್ನೂ ಮಗಳು ಬದಲಾಯಿಸಿದಳು. ಅಂಗಡಿಯ ಚಾಕಲೇಟು ಪೊಟ್ಟಣಗಳನ್ನು ತಂದು, ಲೆಡ್ಜರ್ ತಾಳೆ ನೋಡುವ ಹಾಗೆ ಅದರ ಹಿಂದಿನ ಸಣ್ಣಕ್ಷರ ಓದತೊಡಗಿದೆ. 2023ರಿಂದ ಅಲ್ಲಿ ಪೊಟ್ಟಣದ ತಿಂಡಿಗಳ ಮೇಲೆ ಎಳ್ಳಿನ ಹೆಸರನ್ನೂ ಕಡ್ಡಾಯವಾಗಿ ಕಾಣಿಸಬೇಕು. ಒಂದೊಂದರಲ್ಲೂ ಏನಾದರೊಂದು ಅನುಮಾನ.

ಕೊನೆಗೆ ಪೆಟ್ಟಿಗೆಯ ತಳದಿಂದ ಚನ್ನಪಟ್ಟಣದ ಬುಗುರಿಗಳನ್ನು ತೆಗೆದೆ. ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ ಹಿಡಿದರೆ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ, ಅದೇ ಆ ಹೊಳಪು. ಕೆಂಪು, ಹಳದಿ, ಹಸಿರು, ಮೂರು ಬುಗುರಿ ಹುಡುಗನ ಬುಟ್ಟಿಗೆ ಹೋದವು. ಅಜ್ಜಿಗೆ ಉಣ್ಣೆಯ ಕೈಗವಸು, ಚಹಾ ಪೊಟ್ಟಣ, ಅಂಗೈಯಗಲದ ಕುಂಬಳಕಾಯಿ.

ರಾತ್ರಿ ಏಳಕ್ಕೆ ಕಪ್ಪು ಸ್ವೆಟರ್ ತೊಟ್ಟು ಹೊರಟೆವು. ಅಜ್ಜಿಯ ಮನೆ ಸಲೀಸಾಗಿ ಮುಗಿಯಿತು. ಎದುರುಮನೆಯಲ್ಲಿ ಪುಟ್ಟಿ ಗಂಟೆ ಒತ್ತಿ ಮೊಲದಂತೆ ಹಾರಿದಳು. ಎಪ್ಪತ್ತು ದಾಟಿದ ನನ್ನ ಮಂಡಿ ಹಾರಲಿಲ್ಲ. ಕಾಲಡಿಯ ಒಣಗಿದ ಎಲೆ ಹಪ್ಪಳದಂತೆ ಸದ್ದು ಮಾಡಿತು. ಮೇಪಲ್ ಮರದ ಹಿಂದೆ ಉಸಿರು ಬಿಗಿಹಿಡಿದು ನಿಂತೆ. ಬಾಗಿಲು ತೆರೆಯಿತು. ತಾಯಿ ಮೊದಲು ಬುಟ್ಟಿಯೊಳಗೆ ಕೈಯಾಡಿಸಿ ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿದರು. ಆಮೇಲೆ ಇಡೀ ಬುಟ್ಟಿಯನ್ನೇ ಮಗನ ಕೈಗೆ ಕೊಟ್ಟರು.

ಬೆಳಿಗ್ಗೆ ಎರಡೂ ಬಾಗಿಲಲ್ಲಿ ದೆವ್ವ ಅಂಟಿತ್ತು. ಅಜ್ಜಿ ತಮ್ಮ ದೆವ್ವಕ್ಕೆ ಕೆಂಪು ಪೆನ್ನಿನಿಂದ ನಗು ಬರೆದಿದ್ದರು.

ಹಬ್ಬದ ಸಂಜೆ ಎದುರುಮನೆಯ ಮೆಟ್ಟಿಲ ಮೇಲೆ ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಇತ್ತು. ‘ಇಲ್ಲಿ ತಿಂಡಿಯಲ್ಲದ ಉಡುಗೊರೆಯೂ ಇದೆ’ ಎಂಬ ಗುರುತು. 2014ರಿಂದ ದೇಶದಾದ್ಯಂತ ಹಬ್ಬಿದೆಯಂತೆ. ನಾವೂ ಒಂದಕ್ಕೆ ಬಣ್ಣ ಬಳಿದು ಹೊರಗಿಟ್ಟು, ಪೆನ್ಸಿಲ್, ಸ್ಟಿಕ್ಕರ್ ಜೋಡಿಸಿಟ್ಟಿದ್ದೆವು. ಗಗನಯಾತ್ರಿಯ ವೇಷದಲ್ಲಿ ಆ ಹುಡುಗ ಬಂದ. ಪೆನ್ಸಿಲ್ ಆರಿಸಿಕೊಂಡು, ಜೇಬಿನಿಂದ ಕೆಂಪು ಬುಗುರಿ ತೆಗೆದು ನಮ್ಮ ಮೆಟ್ಟಿಲ ಮೇಲೇ ತಿರುಗಿಸಿ ತೋರಿಸಿದ. ಪುಟ್ಟಿ ನನ್ನ ಕೈ ಹಿಸುಕಿದಳು. ನಾನು ಏನೂ ಅರಿಯದವನಂತೆ ನೋಡುತ್ತ ನಿಂತೆ.

ಆ ರಾತ್ರಿ ಮೈಸೂರಿನಿಂದ ಫೋನ್ ಬಂತು. “ಏನ್ರೀ, ಚಕ್ಕುಲಿ ಡಬ್ಬಿ ಖಾಲಿ ಆಯ್ತಾ?”

“ಆಯ್ತು” ಎಂದೆ. ಖಾಲಿ ಮಾಡಿದವರು ಯಾರು ಎಂದು ಅವಳು ಕೇಳಲಿಲ್ಲ.